ಸರದಿ ಬಾರದ ಐವತ್ತೈದನೆಯ ಸಾಲು

“ಐವತ್ತೈದನೇ ಸಾಲಿಗೆ ಸರದಿ ಬರೋದೇ ಇಲ್ಲ ಕೋಮಲ. ಎಷ್ಟು ಸಲ ಓಡಿಸಿದ್ರೂ ಬರೋದಿಲ್ಲ.”

ನಾನು ಟಿ.ವಿ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಕೋಮಲ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಸರಿಯಾಗಿ ನಂಜನಗೂಡಿನ ಈ ಬೀದಿಗೆ ಕರೆಂಟು ಹೋಗುತ್ತದೆ. ಹೋದರೆ ಕಂಪ್ಯೂಟರಿನ ತಲೆಯಲ್ಲಿರುವುದೆಲ್ಲ ಅಳಿಸಿ, ಮತ್ತೆ ಕ್ಯಾಸೆಟ್ಟಿನಿಂದ ತುಂಬಿಸಬೇಕು.

ಹೊರಗೆ ಜಗುಲಿಯಲ್ಲಿ ಬೆಟ್ಟಸ್ವಾಮಿಯವರು ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕುಳಿತಿದ್ದರು. ಅವರು ಕೋಮಲಳ ದೊಡ್ಡಪ್ಪ. ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ದಲಾಯತರಾಗಿದ್ದು ನಿವೃತ್ತರಾದವರು. ನಾಳೆ ಬೆಳಿಗ್ಗೆ ತಮ್ಮನ ಹೆಂಡತಿಯ ಬಳೆ ಒಡೆಸುವುದಕ್ಕೆ ಯಾರು ಯಾರನ್ನು ಕರೆಯಬೇಕೆಂದು ಬೆರಳು ಮಡಿಸುತ್ತಿದ್ದರು.

ಒಳಗೆ ಅಡುಗೆಮನೆಯಲ್ಲಿ ಆ ಹೆಂಡತಿ, ಕೋಮಲಳ ತಾಯಿ ಮಂಚಮ್ಮ, ಅಕ್ಕಿ ಆರಿಸುತ್ತಿದ್ದರು. ಮೊರ ಅಲ್ಲಾಡಿದಾಗಲೆಲ್ಲ ಹಸಿರು ಗಾಜಿನ ಬಳೆಗಳ ಸದ್ದು ನಮಗೆ ಕೇಳುತ್ತಿತ್ತು. ನಾಳೆಯ ಶಾಸ್ತ್ರಕ್ಕೆ ಆಕೆ ಬೇಡ ಎಂದಿರಲಿಲ್ಲ, ಆಗಲಿ ಎಂದೂ ಅಂದಿರಲಿಲ್ಲ. ಆ ಸದ್ದು ನಾಳೆಯಿಂದ ಇರುವುದಿಲ್ಲ.

ಕೋಮಲಳ ತಂದೆ ಮಾರಯ್ಯನವರು ಮನೆ ಬಿಟ್ಟು ಹತ್ತೊಂಬತ್ತು ದಿನ. ಮಾರನೆಯ ದಿನವೇ ನರಸೀಪುರದ ಸಂಗಮದ ಮೆಟ್ಟಿಲ ಮೇಲೆ ಅವರ ಚಪ್ಪಲಿ, ಕನ್ನಡಕ ಸಿಕ್ಕಿದವು. ಹೆಣ ಮಾತ್ರ ಇವತ್ತಿನವರೆಗೆ ಸಿಕ್ಕಿಲ್ಲ.

ಆಮೇಲೆ ಈ ಕ್ಯಾಸೆಟ್ಟು ಅಂಚೆಯಲ್ಲಿ ಬಂತು. ಕಾಗದವಿಲ್ಲ, ಕಳಿಸಿದವರ ಹೆಸರಿಲ್ಲ. ಮೇಲೆ ನರಸೀಪುರದ ಮುದ್ರೆ, ಚಪ್ಪಲಿ ಸಿಕ್ಕ ಹನ್ನೆರಡು ದಿನದ ಮೇಲಿನ ತಾರೀಕು. ‘ಮೆಟ್ಟಿಲ ಮೇಲೆ ಬಿದ್ದಿತ್ತೇನೋ, ಲೇಬಲ್ಲಿನಲ್ಲಿ ಮನೆ ವಿಳಾಸ ಇತ್ತಲ್ಲ, ಪುಣ್ಯಾತ್ಮ ಯಾರೋ ಪೋಸ್ಟಿಗೆ ಹಾಕಿದಾನೆ’ ಎಂದು ಪೊಲೀಸಿನವರು ಕೈ ತೊಳೆದುಕೊಂಡರು. ಅವರೂ ಒಂದು ಸಲ ಇದರಲ್ಲಿರುವ ಕಂಪ್ಯೂಟರ್ ಪ್ರೋಗ್ರಾಮ್ ಓಡಿಸಿ ನೋಡಿದ್ದರು. ಕಂಪ್ಯೂಟರು ‘ಊಟ ಆಯ್ತಾ’ ಎಂದು ಕೇಳಿತಂತೆ. ಸಬ್‌ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲವಂತೆ.

ನಗುವವರು ನಗಲಿ. ನಾನು ನಗಲಿಲ್ಲ. ಹದಿನೆಂಟು ವರ್ಷ ನಂಜನಗೂಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕುಳಿತವಳು ನಾನು, ಯಶೋಧರಾ. ಊರಿನ ಮುಕ್ಕಾಲು ಜನರ ಮುಖ ನನಗೆ ಗೊತ್ತಿಲ್ಲ, ಉಸಿರು ಗೊತ್ತು. ‘ಊಟ ಆಯ್ತಾ’ ಎನ್ನುವುದನ್ನು ಜನ ಎಷ್ಟು ಥರ ಹೇಳುತ್ತಾರೆ, ಅದರೊಳಗೆ ಏನೇನು ಬಚ್ಚಿಡುತ್ತಾರೆ ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಪಾಠ ಬೇಕಾಗಿದ್ದು ಬೇಸಿಕ್ ಎಂಬ ಈ ಕಂಪ್ಯೂಟರಿನ ಭಾಷೆಗೆ. ನಾಲ್ಕು ದಿನದ ಹಿಂದೆ ಕೋಮಲ ಕರೆದಳೆಂದು ಬಂದು ಈ ಯಂತ್ರದ ಮುಂದೆ ಕುಳಿತಾಗ ಅದು ನಾನು ಒತ್ತಿದ್ದಕ್ಕೆಲ್ಲ ತಪ್ಪು, ತಪ್ಪು ಎಂದು ಇಂಗ್ಲಿಷಿನಲ್ಲಿ ಬೈಯಿತು. ನನ್ನ ಅತ್ತೆ ಕೂಡ ನನ್ನನ್ನು ಅಷ್ಟು ಬೈದಿಲ್ಲ. ಕೊನೆಗೆ ಕೈ ಹಿಡಿದದ್ದು ಮಾರಯ್ಯನವರ ನೋಟ್‌ಬುಕ್ಕು. ತಾಂಡ್ಯದ ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ಯಾರೋ ಬೇಡವೆಂದು ಬಿಟ್ಟ ಈ ಹಳೆಯ ಕಂಪ್ಯೂಟರು ತಂದು, ಟಿ.ವಿ.ಗೆ ಟೇಪ್ ರೆಕಾರ್ಡರಿಗೆ ಸೇರಿಸಿ, ಐವತ್ತೊಂಬತ್ತನೇ ವಯಸ್ಸಿನಲ್ಲಿ ಬೇಸಿಕ್ ಕಲಿಯಲು ಕುಳಿತವರು. ಕಲಿತದ್ದನ್ನೆಲ್ಲ ಮುತ್ತಿನಂಥ ಕನ್ನಡದಲ್ಲಿ ಬರೆದಿಟ್ಟಿದ್ದರು.

‘ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಕೊಡಬೇಕು. ಒಂದು, ಎರಡು ಎಂದು ಕೊಡಬಾರದು. ಆಮೇಲೆ ಏನಾದರೂ ಹೇಳಬೇಕು ಅನ್ನಿಸಿದರೆ ನಡುವೆ ಜಾಗ ಇರಬೇಕು.’

ಈ ಮಾತು ಓದಿ ನಾನು ಪುಸ್ತಕ ಮುಚ್ಚಿದ್ದೆ. ಇಂಥವರು ನದಿಗೆ ಹಾರುತ್ತಾರೆಯೇ?

ಪರದೆಯ ಮೇಲೆ ಇದ್ದದ್ದು ಇಷ್ಟು. ಯಂತ್ರಕ್ಕೆ ಕನ್ನಡದ ಅಕ್ಷರ ಬಾರದು, ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು.

10 PRINT "UTA AYTA?"
20 INPUT A$
30 IF A$="AYTU" THEN GOTO 60
40 PRINT "HOGU UTA MADU"
50 GOTO 10
55 PRINT "HUTA AYTU CHINTE BEDA"
60 PRINT "HANGADRE MALAGU"

“ಈಗ ನೋಡು,” ಎಂದೆ. “ಊಟ ಆಯ್ತಾ ಅಂತ ಕೇಳುತ್ತೆ. ಆಯ್ತು ಅಂತ ಒತ್ತಿದ್ರೆ ನೇರ ಅರವತ್ತಕ್ಕೆ ಹಾರುತ್ತೆ, ಹಂಗಾದ್ರೆ ಮಲಗು ಅನ್ನುತ್ತೆ. ಬೇರೆ ಏನು ಒತ್ತಿದ್ರೂ, ಹೋಗು ಊಟ ಮಾಡು ಅಂದು ಐವತ್ತನೇ ಸಾಲಿಂದ ವಾಪಸ್ ಹತ್ತಕ್ಕೆ ಹೋಗುತ್ತೆ.”

“ಐವತ್ತೈದಕ್ಕೆ ದಾರೀನೇ ಇಲ್ಲ,” ಎಂದಳು ಕೋಮಲ ನಿಧಾನವಾಗಿ.

“ಇಲ್ಲ. ಓಡಿಸಿದವರ ಕಣ್ಣಿಗೆ ಅದು ಬೀಳೋದಿಲ್ಲ. ಲಿಸ್ಟ್ ಅಂತ ಒತ್ತಿ, ಎಲ್ಲ ಸಾಲನ್ನೂ ಬಿಚ್ಚಿ ನೋಡೋರಿಗೆ ಮಾತ್ರ ಕಾಣುತ್ತೆ. ನಿಮ್ಮಪ್ಪನ ನೋಟ್‌ಬುಕ್ಕಲ್ಲಿ ಇದೇ ಪ್ರೋಗ್ರಾಮ್ ಇದೆ. ಅದರಲ್ಲಿ ಈ ಸಾಲಿಲ್ಲ. ಆಮೇಲೆ ಸೇರಿಸಿದ್ದು.”

ಕೋಮಲ ಹುಲ್ಲಹಳ್ಳಿಯ ಶಾಲೆಯಲ್ಲಿ ಮೇಡಂ. ತಪ್ಪು ಕಂಡರೆ ಅವಳ ಬೆರಳು ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. “ಹೂಟ ಅಂತ ಬರೆದಿದೆ,” ಎಂದಳು. “ಅಪ್ಪ ಊಟಕ್ಕೆ ಹೂಟ ಅಂತ ಬರೆಯೋರಲ್ಲ ಯಶೋಧರಕ್ಕ. ಹತ್ತನೇ ಸಾಲಲ್ಲಿ ಸರಿಯಾಗಿ ಬರೆದಿದಾರೆ. ಇದು ಬೇರೆಯವರ ಕೈ.”

ನನಗೂ ಬೇಕಾಗಿದ್ದು ಅದೇ ಮಾತು. ನೋಟ್‌ಬುಕ್ಕಿನ ನಡುವಿನ ಒಂದು ಪುಟ ತೆಗೆದು ಅವಳ ಮುಂದಿಟ್ಟೆ.

‘ನಮ್ಮ ಶಿಷ್ಯನಿಗೆ ಹಕಾರ ಬಾರದು. ಹೆಸರಿಗೆ ಎಸರು, ಹೋಗುಗೆ ಓಗು. ಎರಡು ದಿನ ಕೂರಿಸಿ ಹೇಳಿಕೊಟ್ಟೆ. ಇವತ್ತು ನೋಡಿದರೆ ಬೇಡದ ಕಡೆಯೆಲ್ಲ ಹಕಾರ! ನಗಬಾರದು ಎಂದುಕೊಂಡೆ, ಆಗಲಿಲ್ಲ.’

“ಶಿಷ್ಯ?” ಕೋಮಲ ಹುಬ್ಬೇರಿಸಿದಳು. “ಅಪ್ಪ ಯಾರಿಗೂ ಹೇಳಿಕೊಡ್ತಿರಲಿಲ್ಲವಲ್ಲ.”

“ನಿನಗೆ ಗೊತ್ತಿಲ್ಲದ ಹಾಗೆ ಹೇಳಿಕೊಡ್ತಿದ್ರು. ಬೇಡದ ಕಡೆ ಹಕಾರ ಹಾಕೋ ಗಂಡಸು. ನರಸೀಪುರದಲ್ಲಿ ಇಂಥದೇ ಯಂತ್ರ ಕೈಗೆ ಸಿಗುವವನು. ಕೋಮಲ, ಅಂಥವರು ನಿಮ್ಮ ಜಗುಲಿ ಮೇಲೇ ಕೂತಿದಾರೆ.”

ಬೆಟ್ಟಸ್ವಾಮಿಯವರ ಮಗ ಪ್ರೇಮ್‌ಕುಮಾರ್ ನರಸೀಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ. ಎರಡು ವರ್ಷದಿಂದ ಅಲ್ಲಿ ಇದೇ ಜಾತಿಯ ಒಂದು ಕಂಪ್ಯೂಟರಿತ್ತು. ಇನ್ನು ಬೆಟ್ಟಸ್ವಾಮಿಯವರ ಹಕಾರ ನನ್ನ ಹಳೆಯ ಪರಿಚಯ. ಫೋನೆತ್ತಿದರೆ ‘ಅಲೋ’ ಎನ್ನುತ್ತಾರೆ. ಸಾಹೇಬರ ಮುಂದೆ ನಿಂತು ಶುದ್ಧವಾಗಿ ಮಾತಾಡಬೇಕೆಂಬ ಅಭ್ಯಾಸದಿಂದ, ಅಲ್ಲಿ ಬಿಟ್ಟ ಹಕಾರವನ್ನೆಲ್ಲ ತಂದು ಬೇರೆ ಕಡೆ ಸುರಿಯುತ್ತಾರೆ.

ನಾನು ಜಗುಲಿಗೆ ಹೋದೆ. ಕೋಮಲ ಬಾಗಿಲಿಗೆ ಒರಗಿ ನಿಂತಳು.

“ಬೆಟ್ಟಸ್ವಾಮಿಯವರೇ, ಊಟ ಆಯ್ತಾ?”

“ಹೂಟ ಹಾಗ್ಲೇ ಹಾಯ್ತು ಕಣಮ್ಮ.”

ನಾನು ಎಣಿಸಿದೆ. ಮೂರು.

“ನಿಮ್ಮ ತಮ್ಮನ ಕಂಪ್ಯೂಟರು ನೀವು ಯಾವಾಗಲಾದ್ರೂ ಮುಟ್ಟಿದೀರಾ?”

“ಹಾ ಡಬ್ಬನಾ? ಹದರ ಸ್ವಿಚ್ಚು ಎಲ್ಲದೆ ಅಂತ್ಲೂ ನನ್ಗೆ ಗೊತ್ತಿಲ್ಲ. ಟಿ.ವಿ. ಕೆಡುಸ್ಕೊಂಡು ಕುಂತವ್ನೆ ಅಂತ ಬೈತಿದ್ದೆ.”

“ಪ್ರೇಮ್‌ಕುಮಾರನ ಹತ್ರ ಅದೇ ಥರದ್ದು ಇದೆಯಲ್ಲ?”

“ಹವ್ನ ಯಾಪಾರ ಹವ್ನ್ದು. ನಾನ್ಯಾಕೆ ಹಲ್ಲಿಗೋಗ್ಲಿ?”

ನಾನು ಐವತ್ತೈದನೇ ಸಾಲು ಬರೆದುಕೊಂಡಿದ್ದ ಚೀಟಿ ಅವರ ಮುಂದೆ ಹಿಡಿದೆ. ಓದಿ ಹೇಳಿದೆ. ಇದನ್ನು ಬರೆದವರು ಮಾರಯ್ಯನವರ ಶಿಷ್ಯ ಎಂದೆ, ಅದು ನರಸೀಪುರದಿಂದ ಬಂದಿದೆ ಎಂದೆ, ಹೂಟ ಎನ್ನುವವರು ಈ ಮನೆಯಲ್ಲಿ ನೀವೊಬ್ಬರೇ ಎಂದೆ. “ನಿಮ್ಮ ತಮ್ಮ ಹೋದ ಮೇಲೆ ಆ ಕ್ಯಾಸೆಟ್ಟು ನಿಮ್ಮ ಕೈಗೆ ಹೇಗೆ ಬಂತು? ಚಿಂತೆ ಬೇಡ ಅಂತ ಬರೆದು ಯಾರಿಗೆ ಕಳಿಸಿದ್ರಿ?”

ಅವರ ಮುಖ ಕಪ್ಪಿಟ್ಟಿತು. ಎದ್ದು ನಿಂತರು. ಸಿಟ್ಟು ಬಂದ ಕೂಡಲೇ ಕಚೇರಿಯ ಹಕಾರವೆಲ್ಲ ಉದುರಿಹೋಯಿತು.

“ಏನಮ್ಮಾ ಏಳ್ತಾ ಇದೀಯೆ? ನಾನು ಒಡವುಟ್ದೋನು! ತಮ್ಮನ್ನ ಕಳ್ಕಂಡು ಒಟ್ಟೆ ಉರ್ಕತಾ ಕುಂತಿವ್ನಿ. ಓಗು, ಎಕ್ಸ್‌ಚೇಂಜ್ನಾಗೆ ತಂತಿ ಚುಚ್ಚೋ ಕೆಲ್ಸ ಮಾಡೋಗು!”

“ಬಾವ, ಕೂಗ್ಬ್ಯಾಡಿ.”

ಮಂಚಮ್ಮ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ಈ ನಾಲ್ಕು ದಿನದಲ್ಲಿ ಆಕೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

“ಅದು ಬಾವ ಒತ್ತಿರದಲ್ಲ ಯಶೋದವ್ವ. ಅವ್ರೇ ಒತ್ತಿರದು. ನಮ್ಮನೇವ್ರು.”

ಮೊರ ಕೆಳಗಿಟ್ಟು ಆಕೆ ಟಿ.ವಿ.ಯ ಮುಂದೆ ಹೋದರು. ಸೆರಗಿಗೆ ಬೆರಳು ಒರೆಸಿ, ಪರದೆಯ ಮೇಲೆ ಒಂದೊಂದೇ ಅಕ್ಷರ ಮುಟ್ಟಿದರು.

“ಎಚ್ಚು. ಯೂ. ಟೀ. ಯೇ. ಹೂಟ.”

ಮಂಚಮ್ಮನ ಬಾಯಲ್ಲಿ ಹಕಾರ ಕೇಳಿದ್ದು ಅದೇ ಮೊದಲು.

ಕೋಮಲ ಗೋಡೆ ಹಿಡಿದುಕೊಂಡಳು. “ಅವ್ವಾ, ನಿನಗೆ ಓದೋಕೆ ಬರ್ತದಾ?”

“ನಮ್ಮಕ್ಸರ ಬರಲ್ಲ ಮಗ. ಈ ಕೀಲಿಮಣೆ ಮೇಲಿರೋವು ಮಾತ್ರ ಬತ್ತವೆ. ನಿಮ್ಮಪ್ಪ ಕಲ್ಸುದ್ರು.”

ನಾನು ತಲೆ ಚಚ್ಚಿಕೊಳ್ಳಬೇಕಿತ್ತು. ‘ನಮ್ಮ ಶಿಷ್ಯ’ ಎಂದು ಓದಿದ ತಕ್ಷಣ ಗಂಡಸೊಬ್ಬನನ್ನು ಹುಡುಕಲು ಹೊರಟ ಜಾಣೆ ನಾನು, ಹೆಂಗಸಾಗಿ. ಡಬ್ಬಿಯಲ್ಲಿ ಎಷ್ಟು ಪಾವು ರಾಗಿ ಇದೆ, ಮೂರು ಹೊತ್ತಿಗೆ ಎಷ್ಟು ಮುದ್ದೆ, ಹೀಗೆ ಆ ನೋಟ್‌ಬುಕ್ಕಿನ ಲೆಕ್ಕವೆಲ್ಲ ಅಡುಗೆಮನೆಯದೇ ಆಗಿತ್ತು. ಅದನ್ನು ಕಂಡೂ ಕುರುಡಿಯಾಗಿದ್ದೆ.

“ಮತ್ತೆ ಸ್ಟೇಷನ್‌ನಲ್ಲಿ ಹೆಬ್ಬೆಟ್ಟು ಯಾಕೆ ಒತ್ತಿದೆ?” ಕೋಮಲ ಕೇಳಿದಳು.

“ಪೆನ್ ಇಡ್ಕಳಕ್ಕೆ ಬರಲ್ಲ ಕಣ್ ಮಗ. ಕೀಲಿ ಒತ್ತಕ್ಕೆ ಬತ್ತದೆ. ಸ್ಟೇಸನ್ನಾಗೆ ಒತ್ತಕ್ಕೆ ಕೀಲಿ ಎಲ್ಲಿತ್ತು?”

ನನಗೆ ನಗು, ಅಳು ಒಟ್ಟಿಗೆ ಬಂದವು.

“ಮೊದ್ಲು ಎಲ್ಲ ಬುಟ್ಟು ಬುಟ್ಟು ಒತ್ತೀನಿ,” ಮಂಚಮ್ಮ ಮುಂದುವರಿಸಿದರು. “ಎಸ್ರಿಗೆ ಎಚ್ಚು ಬೇಕು ಅಂದ್ರು. ಸರಿ, ನಾನು ಎಲ್ಲಕ್ಕೂ ಎಚ್ಚು ಆಕ್ಬುಟ್ಟೆ. ಊಟಕ್ಕೂ ಆಕ್ಬುಟ್ಟೆ. ಅವತ್ತು ಅವ್ರು ಎಂಗ್ ನಕ್ರು ಅಂತೀಯೆ! ಕಣ್ಣಾಗೆ ನೀರು ಬಂದ್ಬುಡ್ತು. ಅವತ್ತಿಂದ ಇಬ್ರೇ ಇದ್ದಾಗ ‘ಹೂಟ ಆಯ್ತಾ ಮಂಚಿ’ ಅಂತ್ಲೇ ಕೇಳೋರು. ನಂಗೆ ರೇಗ್ಸಕ್ಕೆ. ಈ ಪೂರ್ತಿ ಲೋಕ್ದಾಗೆ ಇದು ಇನ್ಯಾರ್ಗೂ ಗೊತ್ತಿಲ್ಲ.”

“ನನಗೆ ಯಾಕೆ ಹೇಳಲಿಲ್ಲ ಅವ್ವ?”

ಮಂಚಮ್ಮ ಮಗಳ ಮುಖ ನೋಡಲಿಲ್ಲ. “ನೀನು ಸಣ್ಣೋಳಿದ್ದಾಗ ಸಲೇಟು ಇಡ್ಕಂಡು ನಂಗೆ ಕಲ್ಸಕ್ ಬತ್ತಿದ್ದೆ. ನಾನು ಸಗಣಿ ಬಾಚ್ಬೇಕು ಅಂತ ಎದ್ದೋಗೋಳು. ಈಗ ನೀನು ಮೇಡಮ್ಮು. ನನ್ ತಪ್ಪು ನೋಡಿ ನೀನೆಲ್ಲಿ ನಕ್ಬುಟ್ಟೀಯೇ ಅಂತ. ಪೂರ್ತಿ ಕಲ್ತು, ನಿನ್ಗೊಂದು ಕಾಗ್ದ ಒತ್ತವ ಅಂತಿದ್ದೆ.”

ಕೋಮಲ ಕುಸಿದು ತಾಯಿಯ ಕಾಲ ಬಳಿ ಕುಳಿತಳು. ತಲೆಯನ್ನು ಆಕೆಯ ಮಡಿಲಿಗೆ ಒತ್ತಿಕೊಂಡು ಅತ್ತಳು. ನಾಲ್ಕು ದಿನ ಈ ಮನೆಗೆ ಬಂದುಹೋಗುತ್ತಿದ್ದರೂ ಆ ಹುಡುಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಮಂಚಮ್ಮ ಅವಳ ತಲೆಗೂದಲು ನೇವರಿಸುತ್ತ ಭಾವನ ಕಡೆ ತಿರುಗಿದರು.

“ಬಾವ, ನಾಳೆ ಯಾರ್ನೂ ಕರೀಬ್ಯಾಡಿ. ಅವ್ರು ಬದ್ಕವ್ರೆ. ಚಪ್ಲಿ ಸಿಕ್ಕುದ್ ಮೇಲೆ ಒತ್ತಿ ಕಳ್ಸವ್ರೆ, ಊಟ ಆಯ್ತು, ಚಿಂತೆ ಬ್ಯಾಡ ಅಂತ. ನನ್ ಬಳೆ ಯಾರೂ ಮುಟ್ಟಂಗಿಲ್ಲ.”

ನಾಲ್ಕು ದಿನ ನಾನು ಹುಡುಕುತ್ತಿದ್ದ ಉತ್ತರವನ್ನು ಆಕೆ ಒಂದು ಅಕ್ಷರದಿಂದ ಹುಡುಕಿ ಕೊಟ್ಟಿದ್ದರು.

ತಮ್ಮ ಬದುಕಿದ್ದಾನೆ ಎಂದು ಕೇಳಿದ ಅಣ್ಣ ಕುಣಿಯಬೇಕು, ಇಲ್ಲ ನಂಬದೆ ಜಗಳವಾಡಬೇಕು. ಬೆಟ್ಟಸ್ವಾಮಿಯವರು ಎರಡೂ ಮಾಡಲಿಲ್ಲ. ಟಿ.ವಿ.ಯನ್ನೂ ನನ್ನನ್ನೂ ಒಂದು ಸಲ ನೋಡಿ, “ಇದು ಇನ್ಯಾರ್‌ಯಾರ್ಗೆ ಗೊತ್ತು?” ಎಂದು ಕೇಳಿದರು.

“ಇಲ್ಲಿರೋ ನಾಲ್ಕು ಜನಕ್ಕೆ,” ಎಂದೆ.

“ಸರಿ.”

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಎಲೆಅಡಿಕೆ ಚೀಲ ಜಗುಲಿಯ ಮೇಲೇ ಉಳಿಯಿತು. ಒಂದು ಗಳಿಗೆಯೂ ಅದನ್ನು ಬಿಟ್ಟಿರದ ಮನುಷ್ಯ. ಆ ಸಂತೋಷದ ಗದ್ದಲದಲ್ಲಿ ಅದು ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ನಾನು ಅವರ ಮೇಲೆ ಸುಳ್ಳು ಅಪವಾದ ಹೊರಿಸಿದ್ದೆನಲ್ಲ, ಮುನಿಸಿಕೊಂಡು ಹೋದರು ಎಂದುಕೊಂಡೆ.

ಮಂಚಮ್ಮ ಕಾಫಿ ಮಾಡಿ ತಂದರು. ಬಳೆಗಳ ಸದ್ದು ಈಗ ಬೇರೆಯೇ ಥರ ಕೇಳುತ್ತಿತ್ತು. ನನ್ನ ಪಕ್ಕ ಕುಳಿತು ಟೇಪ್ ರೆಕಾರ್ಡರಿನೊಳಗೆ ಬಗ್ಗಿ ನೋಡಿದರು.

“ಇನ್ನೊಂದ್ ಸಲದ್ದೂ ತುಂಬುಸ್ಕಂಡ್ರಾ?”

“ಯಾವ ಇನ್ನೊಂದು ಸಲದ್ದು?”

“ಅವ್ರು ಯಾವ್ದನ್ನೇ ಆಗ್ಲಿ ಕ್ಯಾಸೆಟ್ಗೆ ಎಲ್ಡು ಸಲ ತುಂಬೋರು. ಒಂದು ಕೆಟ್ಟೋದ್ರೂ ಇನ್ನೊಂದಿರ್ಲಿ ಅಂತ. ಮನೆ ಬೀಗಾನೂ ಎಲ್ಡು ಸಲ ಎಳ್ದು ನೋಡೋರು.”

ನಾನು ಮೊದಲನೆಯದು ಸಿಕ್ಕಿದ ಕೂಡಲೇ ಟೇಪು ನಿಲ್ಲಿಸಿದ್ದೆ. ನಾಲ್ಕು ದಿನವೂ ಅಷ್ಟೇ ಮಾಡಿದ್ದೆ. ಅದೇ ಪ್ರೋಗ್ರಾಮಿನ ಎರಡನೇ ಪ್ರತಿ ತಾನೇ ಎಂದುಕೊಂಡರೂ, ಕೈ ಮಾತ್ರ ಸುಮ್ಮನಿರಲಿಲ್ಲ. ಗಡಿಯಾರ ನೋಡಿದೆ. ನಾಲ್ಕಕ್ಕೆ ಇನ್ನು ಹನ್ನೊಂದೇ ನಿಮಿಷ.

ಲೋಡ್ ಎಂದು ಒತ್ತಿ ಟೇಪು ಬಿಟ್ಟೆ. ಜೀರುಂಡೆಯ ಹಾಗೆ ಕಿರ್ರೆನ್ನುವ ಆ ಸದ್ದು ಕೋಣೆ ತುಂಬಿತು. ಶಬ್ದ ಸ್ವಲ್ಪ ಜೋರಾಯಿತು ಎಂದು ಯಂತ್ರ ತಪ್ಪು ಹೇಳಿತು. ಮಂಚಮ್ಮ ತಾವೇ ಕೈ ಚಾಚಿ, ಸಾರಿಗೆ ಉಪ್ಪು ಹಾಕುವವರ ಹಾಗೆ ಅಂದಾಜಿನಲ್ಲಿ ಗುಂಡಿಯನ್ನು ಒಂದಿಷ್ಟು ತಿರುಗಿಸಿದರು. ಟೇಪು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟೆವು. ಈ ಸಲ ಹಿಡಿಯಿತು.

ಸದ್ದು ಬೇಗ ನಿಂತಿತು. ಮೊದಲನೆಯದಕ್ಕೆ ಹಿಡಿದಷ್ಟು ಹೊತ್ತು ಹಿಡಿಯಲಿಲ್ಲ. ಅಂದರೆ ಇದು ಅದೇ ಪ್ರೋಗ್ರಾಮಲ್ಲ.

“ಲಿಸ್ಟ್ ನೀವೇ ಒತ್ತಿ ಮಂಚಮ್ಮ,” ಎಂದೆ. ಅದು ಅವರ ಪತ್ರ. ಒಡೆಯುವ ಹಕ್ಕು ಅವರದು.

ಒಂದೇ ತೋರುಬೆರಳಿನಿಂದ, ಕೀಲಿ ಹುಡುಕಿ ಹುಡುಕಿ, ನಾಲ್ಕು ಅಕ್ಷರ ಒತ್ತಿದರು. ಪರದೆಯ ಮೇಲೆ ನಾಲ್ಕು ಸಾಲು ಮೂಡಿದವು.

10 PRINT "MANCHI NANU IDDINI"
20 PRINT "ANNANIGE HELABEDA"
30 PRINT "HELIDARE NANU ULIYALLA"
40 PRINT "BALE ODEYALI BIDU"

ನಾನು ಓದಿಬಿಟ್ಟೆ. ಕೋಮಲ ಓದಿಬಿಟ್ಟಳು. ಮಂಚಮ್ಮ ಇನ್ನೂ ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು. “ಮಂಚಿ… ನಾನು… ಇದ್ದೀನಿ,” ಎಂದಾಗ ಆಕೆಯ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಎರಡನೇ ಸಾಲಿಗೆ ಹೋಗಬೇಡಿ ಎಂದು ಆಕೆಯ ಕಣ್ಣು ಮುಚ್ಚಬೇಕೆನ್ನಿಸಿತು. ಬೆರಳು ಮುಂದಕ್ಕೆ ಹೋಯಿತು. “ಅಣ್ಣನಿಗೆ…”

ಬೆರಳು ಅಲ್ಲೇ ನಿಂತಿತು. ಉಳಿದದ್ದನ್ನು ಆಕೆ ತುಟಿ ಅಲ್ಲಾಡಿಸದೆ ಓದಿಕೊಂಡರು. ಕೊನೆಯ ಸಾಲನ್ನು ಎರಡು ಸಲ ಓದಿದರು.

ಬಳೆ ಒಡೆಯಲಿ, ಬಿಡು. ಬುದ್ಧನ ಪಟ ತಂದು ಗೋಡೆಗೆ ಹಾಕಿದ ದಿನವೇ, ಈ ಮನೆಯಲ್ಲಿ ಯಾವ ಹೆಂಗಸಿನ ಬಳೆಯನ್ನೂ ಯಾರೂ ಒಡೆಸಕೂಡದು ಎಂದು ಅಣ್ಣನೊಂದಿಗೆ ಜಗಳವಾಡಿದ ಮನುಷ್ಯ ಬರೆದ ಮಾತು ಅದು. ಅವರ ಕೈಯಿಂದ ಇದು ಬರಬೇಕಾದರೆ ಪ್ರಾಣದ ಮಾತಲ್ಲದೆ ಇನ್ನೇನು?

“ನಾನು ಬಾವಂಗೆ ಏಳ್ಬುಟ್ಟೆ,” ಎಂದರು ಮಂಚಮ್ಮ. “ನನ್ ಬಾಯಾರೆ ಏಳ್ಬುಟ್ಟೆ, ಬದ್ಕವ್ರೆ ಅಂತ.”

“ತಪ್ಪು ನಂದು ಮಂಚಮ್ಮ,” ಎಂದೆ. ನಿಜವಾಗಿಯೂ ನನ್ನದೇ. ಎರಡನೆಯದನ್ನು ಕೇಳದೆ ಮೊದಲನೆಯದನ್ನು ಹಿಡಿದುಕೊಂಡು ಜಗುಲಿಗೆ ಓಡಿದವಳು ನಾನು.

ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಅದೇ ಹೊತ್ತಿಗೆ ಮೂಲೆಯಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಮಾರಯ್ಯನವರು ಆರು ವರ್ಷ ಕಾದು ಹಾಕಿಸಿಕೊಂಡ ಫೋನು.

ಎಕ್ಸ್‌ಚೇಂಜಿನಿಂದ ನನ್ನ ಜೊತೆ ಕೆಲಸ ಮಾಡುವ ಸಿದ್ದಲಿಂಗಮ್ಮ. ಪ್ರೇಮ್‌ಕುಮಾರನ ನಂಬರಿಗೆ ಯಾರೇ ಫೋನು ಮಾಡಿದರೂ ನನಗೆ ತಿಳಿಸು ಎಂದು ಬೆಳಿಗ್ಗೆ ಹೇಳಿ ಬಂದಿದ್ದೆ. ಹಾಗೆ ಹೇಳಬಾರದು, ಕೆಲಸ ಹೋಗುವ ವಿಷಯ.

“ಅಕ್ಕ, ಬಸ್‌ಸ್ಟ್ಯಾಂಡ್ ಪಬ್ಲಿಕ್ ಫೋನಿಂದ ಬೆಟ್ಟಸ್ವಾಮಿಯೋರು ನರಸೀಪುರಕ್ಕೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡವ್ರೆ. ಮಗನ ನಂಬರ್ರೇ. ಲೈನ್ ಈಗ ಖಾಲಿ ಆಯ್ತು. ಕೊಡ್ಲಾ, ಬೇಡ್ವಾ? ಬೇಗ ಹೇಳಿ.”

ಬೇಡ ಎಂದರೆ ಐದು ನಿಮಿಷ ತಡೆಯಬಹುದು, ಹತ್ತು ನಿಮಿಷ ತಡೆಯಬಹುದು. ಆಮೇಲೆ ಅವರು ಬಸ್ಸು ಹತ್ತುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಮಂಚಮ್ಮ ರಿಸೀವರಿಗೆ ಕಿವಿಗೊಟ್ಟು ನಿಂತಿದ್ದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ಮಗನ್ಗೆ ಕೊಡ್ಬ್ಯಾಡ ಅನ್ನಿ. ಮೊದ್ಲು ಬಾವನ್ನ ನಂಗೆ ಕೊಡಕ್ಕೇಳಿ.”

“ಏನು ಹೇಳ್ತೀರಿ?”

“ಏಳಾದೇನು. ಅಳ್ತೀನಿ.”

ಹೇಳಿದವರೇ ಎಡಗೈಯನ್ನು ಕಿಟಕಿಯ ಕಲ್ಲಿಗೆ ಒಂದೇ ಸಲ ಹೊಡೆದರು. ಹಸಿರು ಗಾಜು ನೆಲದ ತುಂಬ ಚೆಲ್ಲಿತು. ಕೋಮಲ ‘ಅವ್ವಾ’ ಎಂದು ಕೂಗಿಕೊಂಡಳು. ಮಣಿಕಟ್ಟಿನಲ್ಲಿ ರಕ್ತ ಜಿನುಗಿತು. ಬಲಗೈಯ ಬಳೆಗಳನ್ನು ಮಾತ್ರ ಮಂಚಮ್ಮ ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡರು, ಸದ್ದಾಗದ ಹಾಗೆ.

ನಾನು ಸಿದ್ದಲಿಂಗಮ್ಮನಿಗೆ ಹೇಳಿದೆ. ರಿಸೀವರನ್ನು ಇಬ್ಬರ ಕಿವಿಗೂ ಸಿಗುವಂತೆ ಹಿಡಿದೆ.

“ಅಲೋ?” ಬೆಟ್ಟಸ್ವಾಮಿಯವರ ದನಿ.

“ಬಾವಾ…” ಮಂಚಮ್ಮನ ಎದೆಯಿಂದ ಹತ್ತೊಂಬತ್ತು ದಿನದ ಅಳು ಕಿತ್ತುಕೊಂಡು ಬಂತು. ಅದರಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂದು ನನ್ನಂಥ ಕಿವಿಗೂ ತಿಳಿಯಲಿಲ್ಲ. “ನಂಗೆ ತಲೆ ಕೆಟ್ಟಿತ್ತು ಬಾವ. ಅದು ಅವ್ರ್ದಲ್ಲ. ಇಂದೆ ಯಾವಾಗ್ಲೋ ನಾನೇ ಒತ್ತಿದ್ದು, ಈಗ ಗ್ಯಾಪ್ನ ಬಂತು. ಅವ್ರಿಲ್ಲ ಬಾವ, ಓಗ್ಬುಟ್ರು. ಬಳೆ ನಾನೇ ಒಡ್ಕಂಡೆ. ನಾಳೆ ಎಲ್ರುನೂ ಕರ್ಕಬನ್ನಿ.”

ಆ ಕಡೆ ಬಸ್ಸೊಂದು ಹಾರ್ನ್ ಹಾಕಿದ್ದು ಕೇಳಿಸಿತು. ನಾನು ಬೆಟ್ಟಸ್ವಾಮಿಯವರ ಉಸಿರು ಎಣಿಸಿದೆ. ಆಮೇಲೆ ಕಚೇರಿಯ ಆ ಶುದ್ಧ ದನಿಯಲ್ಲಿ, ಬಹಳ ಮೃದುವಾಗಿ ಮಾತಾಡಿದರು.

“ಹಳು ತಾಯಿ, ಹಳು. ಹಾದ್ರೆ ಒಂದ್ ಮಾತು ಹೇಳು. ನಮ್ಮ ಮಾರ ಯಾವ್ದನ್ನೂ ಎಲ್ಡು ಸಲ ತುಂಬ್ದೆ ಬುಡೋನಲ್ಲ. ಹಾ ಕ್ಯಾಸೆಟ್ನಾಗೆ ಎಲ್ಡ್ನೇದ್ರಲ್ಲಿ ಏನದೆ?”